ಅವಲಂಬಿತ ವೀಸಾದಲ್ಲಿ ಸ್ವತಂತ್ರ ವೃತ್ತಿ

ಪ್ರಶ್ನೆ: ನನ್ನ ಪತಿ ಜಪಾನಿನ ಶಾಲೆಯೊಂದರಲ್ಲಿ ಶಿಕ್ಷಕರು. ಅವಲಂಬಿತರ ವೀಸಾದಲ್ಲಿ ಅಲ್ಲಿಗೆ ಹೊರಟಿರುವ ನಾನು, ಭಾರತದ ಪ್ರಕಾಶಕರಿಗೆ ಮಾಡಿಕೊಡುವ ಪುಸ್ತಕ ವಿನ್ಯಾಸದ ಕೆಲಸವನ್ನು ಮುಂದುವರಿಸಬಹುದೇ?

ಉತ್ತರ: ಮುಂದುವರಿಸಬಹುದು, ಆದರೆ ಅನುಮತಿ ಪಡೆದ ನಂತರವೇ. ಸಂಭಾವನೆ ಭಾರತದ ಬ್ಯಾಂಕಿಗೆ ಜಮೆಯಾಗುವುದರಿಂದ ಜಪಾನಿನ ಕಾನೂನು ತಮಗೆ ಅನ್ವಯಿಸದೆಂದು ಹಲವರು ಭಾವಿಸುತ್ತಾರೆ. ಆ ಧೈರ್ಯ ಬೇಡ. ಅವಲಂಬಿತರು ದುಡಿಯಲು ವಲಸೆ ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲಿ ಪ್ರತ್ಯೇಕ ಅನುಮತಿಗೆ ಅರ್ಜಿ ಸಲ್ಲಿಸಬೇಕು. ಸಾಮಾನ್ಯವಾಗಿ ದೊರೆಯುವುದು ವಾರಕ್ಕೆ 28 ಗಂಟೆಗಳ ಅನುಮತಿ. ಆದರೆ ಅದು ಅಂಗಡಿ, ಹೋಟೆಲುಗಳಂತೆ ದುಡಿಮೆಯ ಗಂಟೆಗಳನ್ನು ಲೆಕ್ಕ ಹಾಕಬಹುದಾದ ನೌಕರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ನಿಯಮವಾದ್ದರಿಂದ, ನಿಮ್ಮಂತೆ ಸ್ವತಂತ್ರವಾಗಿ ದುಡಿಯುವವರು ಒಪ್ಪಂದಪತ್ರ, ಕೆಲಸದ ಸ್ವರೂಪ ಹಾಗೂ ಸಂಭಾವನೆಯ ವಿವರಗಳನ್ನು ಲಗತ್ತಿಸಿ ವೈಯಕ್ತಿಕ ಅನುಮತಿಯನ್ನೇ ಕೇಳುವುದು ಸೂಕ್ತ. ಪ್ರಕಾಶಕರಿಂದ ಲಿಖಿತ ಒಪ್ಪಂದವನ್ನು ಹೊರಡುವ ಮುನ್ನವೇ ಪಡೆದುಕೊಳ್ಳಿ. ಬಾಯಿಮಾತಿನ ವ್ಯವಹಾರ ಅಲ್ಲಿನ ಕಚೇರಿಗಳಲ್ಲಿ ನಡೆಯುವುದಿಲ್ಲ.

ಜಪಾನಿನಲ್ಲಿ ಕುಳಿತು ಮಾಡಿದ ಕೆಲಸದ ಆದಾಯವನ್ನು, ಹಣ ಎಲ್ಲಿಂದ ಬಂದರೂ, ಅಲ್ಲಿನ ಆದಾಯವೆಂದೇ ಪರಿಗಣಿಸಲಾಗುತ್ತದೆ. ತೆರಿಗೆ ವಿವರ ಸಲ್ಲಿಸುವ ಅವಧಿ ಸಾಮಾನ್ಯವಾಗಿ ಫೆಬ್ರವರಿ 16ರಿಂದ ಮಾರ್ಚ್ 15. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಉಭಯ ದೇಶಗಳ ನಡುವೆ ಒಪ್ಪಂದವಿದೆ. ಪತಿಯ ಆರೋಗ್ಯ ವಿಮೆಯಲ್ಲಿ ಅವಲಂಬಿತರಾಗಿ ಉಳಿಯಬೇಕಾದರೆ ನಿಮ್ಮ ವಾರ್ಷಿಕ ಆದಾಯ ಸಾಮಾನ್ಯವಾಗಿ 13 ಲಕ್ಷ ಯೆನ್‌ಗಿಂತ ಕಡಿಮೆ ಇರಬೇಕು.