ನಮ್ಮೂರಿನಲ್ಲಿ ಇತ್ತೀಚೆಗೆ ತೀರಿಹೋದವರ ಬಗ್ಗೆ ಪುಸ್ತಿಕೆ ತರುತ್ತಿದ್ದೇವೆ. ಎಲ್ಲರ ಬಗ್ಗೆಯೂ ಒಂದೇ ಥರ ಬರೆಯದಿರಲು ಏನು ಮಾಡಬೇಕು?

ನೀವು ಹೇಳಿರುವುದು ಇಷ್ಟು: ಎರಡು ಮೂರು ವರ್ಷಗಳಲ್ಲಿ ಊರಿನ ಹಿರಿಯರು ಸಾಲಾಗಿ ಹೋದರು, ಮುಂದಿನ ಹಬ್ಬದ ಹೊತ್ತಿಗೆ ಅವರ ನೆನಪಿನ ಪುಸ್ತಿಕೆ ತರಬೇಕು, ಮನೆಯವರಿಂದ ಬರೆಸಿಕೊಂಡು ಬಂದರೆ ಎಲ್ಲವೂ ‘ಸರಳ ಸಜ್ಜನರು, ಅಜಾತಶತ್ರು, ಕೊಡುಗೈ ದಾನಿ’ ಎಂದೇ ಬಂದಿವೆ. ನಾನು ಮದ್ದೂರು ತಾಲ್ಲೂಕಿನವನು. ನಮ್ಮ ಊರಹಬ್ಬದ ಸಂಚಿಕೆಗೆ ಆ ವರ್ಷ ತೀರಿಹೋದವರ ಪುಟಗಳನ್ನು ಬರೆಯುವ ಕೆಲಸ ಬಹಳ ಕಾಲದಿಂದ ನನ್ನ ಪಾಲಿಗೇ ಬಂದಿದೆ. ಆ ಅನುಭವದಿಂದ ಹೇಳುತ್ತೇನೆ.

ಮೊದಲು ಆ ಮೂರು ಮಾತುಗಳನ್ನು ಹೊಡೆದು ಹಾಕಿ. ಒಂದೇ ಊರಿನಲ್ಲಿ ಅಷ್ಟೊಂದು ಅಜಾತಶತ್ರುಗಳಿದ್ದಿದ್ದರೆ ತಾಲ್ಲೂಕು ಕೋರ್ಟಿನಲ್ಲಿ ಬದುವಿನ ವ್ಯಾಜ್ಯಗಳು ಏಕೆ ಕೊಳೆಯುತ್ತಿದ್ದವು? ಮನೆಯವರನ್ನು ದೂರಿ ಪ್ರಯೋಜನವಿಲ್ಲ. ‘ನಿಮ್ಮ ತಂದೆ ಎಂಥವರು?’ ಎಂದು ಕೇಳಿದರೆ ಮಗ ಇನ್ನೇನು ಹೇಳಿಯಾನು? ಪ್ರಶ್ನೆಯೇ ಅಂಥದ್ದು. ನಾನು ಕೇಳುವ ಪ್ರಶ್ನೆ ಬೇರೆ: ಅವರು ಹೋದ ಮೇಲೆ ಊರಿನಲ್ಲಿ ಯಾವ ಕೆಲಸ ನಿಂತಿತು? ನಿಲ್ಲದಿದ್ದರೆ ಅದು ಯಾರ ಕೈಗೆ ಹೋಯಿತು? ಇದನ್ನು ಮನೆಯವರಿಗಿಂತ ಮೊದಲು ಪಕ್ಕದ ಗದ್ದೆಯವರನ್ನು, ಎದುರು ಮನೆಯವರನ್ನು ಕೇಳಬೇಕು.

ನಮ್ಮಲ್ಲಿ ಒಬ್ಬ ನೀರುಗಂಟಿ ಇದ್ದರು. ವಿಶ್ವೇಶ್ವರಯ್ಯ ನಾಲೆಯಿಂದ, ಅವರ ಬಾಯಲ್ಲಿ ಕೊನೆಯವರೆಗೂ ‘ಇರ್ವಿನ್ ನಾಲೆ’ಯಿಂದ, ನಮ್ಮ ಬಯಲಿಗೆ ಒಡೆಯುವ ತೂಬು ಅವರ ಸುಪರ್ದಿಯಲ್ಲಿತ್ತು. ಮನೆಯವರು ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ‘ಶ್ರಮಜೀವಿ, ದೈವಭಕ್ತ’ ಎಂದು. ಬಯಲಿನ ಕೊನೆಯಲ್ಲಿ ಅರ್ಧ ಎಕರೆ ಇಟ್ಟುಕೊಂಡಿರುವ ಹೆಂಗಸನ್ನು ಕೇಳಿದೆ. ಆಕೆ ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ. ಬೇಸಿಗೆ ಬೆಳೆಗೆ ನೀರು ಸರದಿಯ ಮೇಲೆ ಬರುವಾಗ ರಾತ್ರಿ ಗುದ್ದಲಿ ಹೆಗಲಿಗಿಟ್ಟುಕೊಂಡು ಆತ ತೂಬಿನಿಂದ ಹೊರಡುತ್ತಿರಲಿಲ್ಲ. ಮೊದಲು ಕೊನೆಯ ಗದ್ದೆಗೆ ಬಂದು ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಅಲ್ಲಿಂದ ಮೇಲಕ್ಕೆ ನಡೆಯುತ್ತಾ ಒಂದೊಂದೇ ಕವಲು ಕಟ್ಟಿಕೊಂಡು ಹೋಗುತ್ತಿದ್ದರು. ಮೇಲಿನ ಗದ್ದೆಯ ದೊಡ್ಡವರು ಬೈದರೆ ‘ನೀರು ನಿಮ್ಮ ಮನೆ ಮುಂದೆಯೇ ಹರಿಯುತ್ತದೆ, ಆಕೆಯ ಮನೆ ಮುಂದೆ ಹರಿಯುವುದಿಲ್ಲವಲ್ಲ’ ಎನ್ನುತ್ತಿದ್ದರಂತೆ. ಸುಗ್ಗಿಯಲ್ಲಿ ನೀರುಗಂಟಿಯ ಪಾಲಿನ ಆಯ ಕೊಡುವಾಗ ಆ ದೊಡ್ಡವರು ಒಂದು ಹೊರೆ ಕಡಿಮೆ ಹಾಕಿ ಸೇಡು ತೀರಿಸಿಕೊಂಡದ್ದೂ ಉಂಟು. ನೀರುಗಂಟಿ ಹೋದ ಮೇಲೆ ಆ ಕೆಲಸಕ್ಕೆ ಯಾರೂ ಬರಲಿಲ್ಲ. ಈಗ ತೂಬಿನ ಬಳಿ ಯಾರ ಕೈ ಜೋರೋ ಅವರ ಗದ್ದೆಗೆ ನೀರು. ಆ ಹೆಂಗಸು ಭತ್ತ ಬಿಟ್ಟು ರಾಗಿ ಹಾಕಿದ್ದಾರೆ. ಇಷ್ಟನ್ನು ಬರೆದರೆ ಸಾಕು. ‘ನ್ಯಾಯನಿಷ್ಠ’ ಎಂಬ ಪದ ಇದರಲ್ಲಿ ಎಲ್ಲಿಯೂ ಬೇಕಾಗಲಿಲ್ಲ.

ಇದು ನಾನು ಕಂಡುಹಿಡಿದ ವಿದ್ಯೆಯೇನೂ ಅಲ್ಲ. ನಮ್ಮ ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಒಂದು ಕಲ್ಲು ನೆಟ್ಟರು. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಸುದ್ದಿ ಅದರಲ್ಲಿ ಬರುತ್ತದೆ, ಚರಿತ್ರೆಯವರಿಗೆ ಬೇಕಾದದ್ದು ಅದು. ಆದರೆ ಕಲ್ಲು ನೆಟ್ಟಿದ್ದು ರಾಜನಿಗಲ್ಲ. ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೆರನೆಂಬ ವೀರನಿಗೆ ಗಂಗರ ದೊರೆ ಬೂತುಗ ‘ಬೇಕಾದ್ದು ಕೇಳು’ ಎಂದಾಗ ಆತ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಯಾವ ಊರಿನ ಬೆಟ್ಟದ ಯಾವ ದಿಕ್ಕಿನಲ್ಲಿ ಎಂಬುದನ್ನೂ ಕೆತ್ತಿಸಿದ್ದಾನೆ. ಮೇಲೆ ನಾಯಿ ಹಂದಿಗಳ ಚಿತ್ರವೂ ಇದೆ. ಕಲ್ಲಿನ ಪೂಜೆಗೆ ಕೆರೆಯ ಕೆಳಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡವನಿಗೆ ಪಾಪ ತಟ್ಟುತ್ತದೆ ಎಂದು ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಹೆಸರು, ಊರು, ಮಾಡಿದ ಕೆಲಸ, ಸತ್ತ ಜಾಗ, ಮುಂದೆ ನೆನಪನ್ನು ನೋಡಿಕೊಳ್ಳಬೇಕಾದವರು ಯಾರು: ಒಂದು ನಾಯಿಗೆ ಇಷ್ಟು ಸಿಕ್ಕಿದೆ. ನಮ್ಮ ಬಸ್ ನಿಲ್ದಾಣದ ಫ್ಲೆಕ್ಸಿನಲ್ಲಿ ಮನುಷ್ಯನಿಗೆ ಸಿಗುವುದು ‘ಮತ್ತೆ ಹುಟ್ಟಿ ಬನ್ನಿ’ ಎಂಬ ಸಾಲು, ಕೆಳಗೆ ದುಃಖತಪ್ತರಾದ ಮುಖಂಡರ ಇಪ್ಪತ್ತು ಮುಖಗಳು. ಸತ್ತವರ ಮುಖಕ್ಕಿಂತ ಕೆಲವೊಮ್ಮೆ ಅವರದೇ ದೊಡ್ಡದಾಗಿರುತ್ತದೆ.

ಬೆಂಗಳೂರಿನ ಹೆಸರು ಬರುವ ಹಳೆಯ ಶಾಸನ ಬೇಗೂರಿನದು ಎಂದು ಎಲ್ಲರಿಗೂ ಗೊತ್ತು. ಅದು ಕೂಡ ಕಾಳಗದಲ್ಲಿ ಸತ್ತವನೊಬ್ಬನ ನೆನಪಿನ ಕಲ್ಲೇ. ಊರಿನ ಹೆಸರು ಉಳಿದದ್ದು ಆ ಸಾವಿನ ನೆಪದಲ್ಲಿ.

ಯಾರಿಂದ ಕೇಳಬೇಕು ಎಂಬುದಕ್ಕೆ ಬರುತ್ತೇನೆ. ನಮ್ಮ ಕಡೆಯ ಸಾವಿನ ಮನೆಯಲ್ಲಿ ವಯಸ್ಸಾದ ಹೆಂಗಸರು ಹೇಳಿಕೊಂಡು ಅಳುತ್ತಾರಲ್ಲ, ಅದನ್ನು ಗಂಡಸರು ಗದ್ದಲ ಎಂದುಕೊಂಡು ಹೊರಗೆ ಹೋಗಿ ಬೀಡಿ ಹಚ್ಚುತ್ತಾರೆ. ನಿಜವಾದ ಜೀವನಚರಿತ್ರೆ ಅಲ್ಲೇ ನಡೆಯುತ್ತಿರುತ್ತದೆ. ಯಾವ ಬರದಲ್ಲಿ ಯಾರಿಗೆ ಎಷ್ಟು ಸೇರು ರಾಗಿ ಅಳೆದಳು, ಯಾರ ಬಾಣಂತನಕ್ಕೆ ಯಾವ ರಾತ್ರಿ ಎದ್ದು ಬಂದಳು, ಯಾವ ಮಗ ನೋಡಲಿಲ್ಲ, ಯಾವ ಸೊಸೆ ಗಂಜಿ ಕುಡಿಸಿದಳು, ಎಲ್ಲ ಬರುತ್ತದೆ. ಅಲ್ಲಿ ಮೊಬೈಲ್ ಹಿಡಿದು ರೆಕಾರ್ಡ್ ಮಾಡಲು ಹೋಗಬೇಡಿ, ಅದು ಹೊಲಸು ಕೆಲಸ. ಹಾಲುತುಪ್ಪ, ಹನ್ನೊಂದನೆಯ ದಿನ ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಆ ಹೆಂಗಸರನ್ನೇ ಹುಡುಕಿಕೊಂಡು ಹೋಗಿ, ಜಗಲಿಯ ಮೇಲೆ ಕುಳಿತು ಕೇಳಿ. ತಡವನ್ನೂ ಮಾಡಬೇಡಿ. ವರ್ಷ ಕಳೆದರೆ ಅವರ ಬಾಯಲ್ಲೂ ‘ದೇವರಂಥ ಮನುಷ್ಯ’ ಎಂಬುದಷ್ಟೇ ಉಳಿಯುತ್ತದೆ.

ಮಹಾಲಯ ಅಮಾವಾಸ್ಯೆಯ ಎಡೆಯನ್ನೂ ನೋಡಿ. ನಮ್ಮಲ್ಲಿ ಹಿರಿಯರಿಗೆ ಇಷ್ಟವಾದದ್ದನ್ನೇ ಇಡುತ್ತಾರೆ: ಹೊಸ ಪಂಚೆ, ಎಲೆ ಅಡಿಕೆ, ಮುದ್ದೆ, ಬಾಡಿನ ಸಾರು, ಬೀಡಿ ಕಟ್ಟು, ಕೆಲವು ಮನೆಗಳಲ್ಲಿ ಒಂದು ಕ್ವಾರ್ಟರ್ ಬಾಟಲಿ. ನಾನು ನೋಡಿದ ಒಂದು ಎಡೆಯಲ್ಲಿ ಕನ್ನಡಕವೂ ಅಂದಿನ ದಿನಪತ್ರಿಕೆಯೂ ಇದ್ದವು. ವಿಚಾರಿಸಿದರೆ, ಆ ಅಜ್ಜನಿಗೆ ಓದು ಬರುತ್ತಿರಲಿಲ್ಲ. ಮೊಮ್ಮಗಳಿಂದ ದಿನವೂ ಓದಿಸಿಕೊಳ್ಳುತ್ತಿದ್ದರು, ಕನ್ನಡಕ ಮಾತ್ರ ತಾವು ಹಾಕಿಕೊಳ್ಳುತ್ತಿದ್ದರು. ಮಗ ಕೊಟ್ಟ ಚೀಟಿಯಲ್ಲಿ ಈ ವಿಷಯ ಇರಲಿಲ್ಲ, ಅವಮಾನ ಎಂದುಕೊಂಡಿದ್ದನೋ ಏನೋ. ಮೊಮ್ಮಗಳು ಸಂತೋಷದಿಂದ ಹೇಳಿದಳು.

ವಯಸ್ಸು ಒಂದು ತಲೆನೋವು. ಆಧಾರ್ ನೋಡಿದರೆ ಊರಿನ ಅರ್ಧದಷ್ಟು ಹಿರಿಯರು ಜನವರಿ 1ರಂದೇ ಹುಟ್ಟಿದ್ದಾರೆ. ಮರಣ ಪ್ರಮಾಣಪತ್ರದಲ್ಲಿ ಸತ್ತ ದಿನವಾದರೂ ಸರಿಯಾಗಿರುತ್ತದೆ. 21 ದಿನದೊಳಗೆ ನೋಂದಾಯಿಸಬೇಕಾದ್ದರಿಂದ ಅಷ್ಟರ ಮಟ್ಟಿಗೆ ನಂಬಬಹುದು. ಹುಟ್ಟಿದ ವರ್ಷಕ್ಕೆ ಹಳೆಯ ಘಟನೆಗಳನ್ನು ಹಿಡಿದು ಕೇಳಬೇಕು. ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆದಾಗ, ಅಂದರೆ 1938ರಲ್ಲಿ, ತೊಟ್ಟಿಲಲ್ಲಿದ್ದರೋ, ಓಡಾಡುತ್ತಿದ್ದರೋ? ಗಾಂಧಿ ಸತ್ತಾಗ ದನ ಕಾಯುತ್ತಿದ್ದರೋ? ಮಂಡ್ಯದ ಸಕ್ಕರೆ ಕಾರ್ಖಾನೆಗೆ ಅವರ ಅಪ್ಪ ಗಾಡಿಯಲ್ಲಿ ಕಬ್ಬು ಹೊಡೆಯುತ್ತಿದ್ದಾಗ ಜೊತೆಗೆ ಹೋಗುವಷ್ಟು ದೊಡ್ಡವರಾಗಿದ್ದರೋ? ಉತ್ತರ ಅಂದಾಜಿನದೇ ಆದರೂ ಅದರ ಜೊತೆಗೆ ಬರುವ ಮಾತು ಪುಟವನ್ನು ತುಂಬುತ್ತದೆ. ‘ಸುಮಾರು’ ಎಂದು ಬರೆಯಲು ನಾಚಿಕೊಳ್ಳಬೇಡಿ.

ಫೋಟೋ ವಿಷಯದಲ್ಲಿ ಸ್ಟುಡಿಯೋದವರನ್ನು ಕಾಯಬೇಕು. ಜೀವಮಾನವಿಡೀ ಹೆಗಲಿನ ಮೇಲೆ ಟವೆಲ್ ಬಿಟ್ಟು ಬೇರೆ ಕಾಣದ ರೈತನಿಗೆ ಕೋಟು ತೊಡಿಸಿ, ಹಿಂದೆ ಜಲಪಾತ ಹರಿಸಿಬಿಡುತ್ತಾರೆ. ಮದುವೆಯ ಗುಂಪು ಫೋಟೋದಲ್ಲಿ ಮೂಲೆಯಲ್ಲಿ ನಿಂತ ಮಸುಕು ಮುಖವಾದರೂ ಸರಿ, ಅದನ್ನೇ ಹಾಕಿ.

ಇನ್ನು ಯಾರನ್ನು ಸೇರಿಸಬೇಕು ಎಂಬುದು. ಇದನ್ನು ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ನಿಮ್ಮ ಪಟ್ಟಿಯನ್ನು ಒಮ್ಮೆ ಬೀದಿವಾರು ಮಾಡಿ ನೋಡಿ. ದೊಡ್ಡ ಬೀದಿಯವರೆಲ್ಲ ಇದ್ದು, ಊರಿನ ಎಲ್ಲ ಹೆಣಗಳ ಮುಂದೆಯೂ ತಮಟೆ ಬಡಿದವನ ಹೆಸರು ಬಿಟ್ಟುಹೋಗಿದ್ದರೆ ಪುಸ್ತಿಕೆಯನ್ನು ಅಚ್ಚಿಗೆ ಕಳಿಸಬೇಡಿ. ಹೆಂಗಸರ ವಿಷಯವೂ ಅಷ್ಟೇ. ‘ಇಂಥವರ ಧರ್ಮಪತ್ನಿ, ಇಂಥವರ ತಾಯಿ’ ಎಂದು ಮುಗಿಸುತ್ತಾರೆ. ಆಕೆಯ ತವರೂರು ಯಾವುದು, ಮದುವೆಗೆ ಮುಂಚೆ ಏನೆಂದು ಕರೆಯುತ್ತಿದ್ದರು, ಕೈಯಲ್ಲಿ ಯಾವ ಕಸುಬಿತ್ತು, ಇವುಗಳಿಗೆ ಉತ್ತರ ಸಿಗದೆ ಆಕೆಯ ಪುಟ ಶುರು ಮಾಡಬೇಡಿ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡಿಗೆಲ್ಲ ಸುದ್ದಿಯಾಯಿತು. ನಿಮ್ಮ ಊರಿನಲ್ಲೂ ಅಂಥ ಕೈಯೊಂದು ಇದ್ದಿರಲೇಬೇಕು. ಪ್ರಶಸ್ತಿ ಬಾರದವರ ಲೆಕ್ಕ ಇಡುವುದು ಊರಿನವರದೇ ಕೆಲಸ. ಪಕ್ಕದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕೆರೆ ಕಾಮೇಗೌಡರು 2022ರಲ್ಲಿ ಹೋದಾಗ ಎಲ್ಲರೂ ‘ಪರಿಸರಪ್ರೇಮಿ’ ಎಂದು ಬರೆದರು. ನನಗೆ ನೆನಪಿನಲ್ಲಿ ಉಳಿದದ್ದು ಕುರಿ ಕಾಯುವ ಮನುಷ್ಯ ಬೆಟ್ಟದ ಮೇಲೆ ಪ್ರಾಣಿಪಕ್ಷಿಗಳಿಗೆಂದು ಕಟ್ಟೆ ತೋಡಲು ತನ್ನ ಕುರಿಗಳನ್ನೇ ಮಾರಿದ್ದು.

ಕೋವಿಡ್ ಕಾಲದಲ್ಲಿ ಹೋದವರನ್ನು ಇತ್ತೀಚಿನವರಲ್ಲ ಎಂದು ಬಿಡಬೇಡಿ. ಅವರಿಗೆ ಮೆರವಣಿಗೆ, ಹಾಲುತುಪ್ಪ, ಊಟ ಯಾವುದೂ ಆಗಲಿಲ್ಲ. 2021ರ ಜೂನ್‌ನಲ್ಲಿ, ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ತೆಗೆದುಕೊಂಡು ಹೋಗದೆ ಉಳಿದಿದ್ದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಸರ್ಕಾರವೇ ನಮ್ಮ ಜಿಲ್ಲೆಯ ಬೆಳಕವಾಡಿಯ ಬಳಿ ಕಾವೇರಿಗೆ ಬಿಟ್ಟಿತು. ನಿಮ್ಮ ಊರಿನಿಂದ ದುಡಿಯಲು ಬೆಂಗಳೂರಿಗೆ ಹೋಗಿ ಅಲ್ಲೇ ಹೋದವರು ಇದ್ದರೆ ಅವರನ್ನೂ ಸೇರಿಸಿ. ಊರಿನಲ್ಲಿ ಅವರ ಬಗ್ಗೆ ನಾಲ್ಕು ಜನ ಕುಳಿತು ಮಾತಾಡಿಯೇ ಇಲ್ಲ.

ಕೆಟ್ಟದ್ದನ್ನು ಬರೆಯಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಕುಡಿತ, ಸಾಲ, ದಾಯಾದಿ ಜಗಳಗಳ ಪಟ್ಟಿ ಬೇಡ. ಕಾಯಿಲೆಯ ವಿವರವಂತೂ ಬೇಡವೇ ಬೇಡ, ಸಾವು ಹೇಗೆ ಬಂತು ಎಂಬುದು ಮನೆಯವರ ಸ್ವತ್ತು, ಅವರು ಹೇಳು ಎಂದರೆ ಮಾತ್ರ ಬರೆಯಿರಿ. ಆದರೆ ಮುಂಗೋಪಿಯನ್ನು ಶಾಂತಮೂರ್ತಿ ಎಂದು ಬರೆದರೆ ಓದಿದವರು ಬೇರೆ ಯಾರದೋ ಪುಟ ಎಂದುಕೊಳ್ಳುತ್ತಾರೆ. ನಮ್ಮ ಆಲೆಮನೆಯ ಪಾಕದವರು ಮಹಾ ಸಿಡುಕರು. ಕೊಪ್ಪರಿಗೆಯ ಪಾಕವನ್ನು ನೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುವ ಆ ಗಳಿಗೆಯಲ್ಲಿ ಯಾರಾದರೂ ಮಾತಾಡಿಸಿದರೆ ಸೌಟು ಬೀಸುತ್ತಿದ್ದರು. ಮಡ್ಡಿ ತೆಗೆಯಲು ಬೆಂಡೆಗಿಡದ ಲೋಳೆಯನ್ನೇ ಹಾಕುತ್ತಿದ್ದರು. ಬೆಲ್ಲ ಬೆಳ್ಳಗಾಗಲಿ ಎಂದು ಹೈಡ್ರೋಸ್ ಎಂಬ ರಾಸಾಯನಿಕ ತಂದ ಮಾಲೀಕನನ್ನು ಕೂಲಿಯ ಸಮೇತ ಬಿಟ್ಟು ಬಂದಿದ್ದರು. ಅವರ ಸಿಡುಕನ್ನು ತೆಗೆದರೆ ಆ ಅಚ್ಚು ಬೆಲ್ಲದ ಕಥೆಯೇ ಇಲ್ಲ. ಬರೆದದ್ದನ್ನು ಮನೆಯವರಿಗೆ ಓದಿ ತೋರಿಸಿದೆ. ಹೆಂಡತಿ ನಕ್ಕು, ಸೌಟಿನ ವಿಷಯ ಇರಲಿ ಎಂದರು. ಅಚ್ಚಿಗೆ ಮುಂಚೆ ಹೀಗೆ ಓದಿ ತೋರಿಸುವುದನ್ನು ಮಾತ್ರ ತಪ್ಪಿಸಬೇಡಿ, ಬೇಡ ಎಂದ ಸಾಲನ್ನು ವಾದ ಮಾಡದೆ ತೆಗೆಯಿರಿ.

ಕೊನೆಗೆ ಅಳತೆಯ ಮಾತು. ಒಬ್ಬರಿಗೆ ಒಂದು ಪುಟ. ಪಂಚಾಯಿತಿ ಮಾಜಿ ಅಧ್ಯಕ್ಷರಿಗೂ ಒಂದೇ ಪುಟ, ದನ ಕಾಯುತ್ತಿದ್ದವರಿಗೂ ಒಂದೇ ಪುಟ. ಸತ್ತ ದಿನಾಂಕದ ಕ್ರಮದಲ್ಲಿ ಜೋಡಿಸಿ, ಆಗ ಯಾರು ಮೊದಲು ಎಂಬ ತಕರಾರು ಇರುವುದಿಲ್ಲ. ಜಾಹೀರಾತು ಕೊಟ್ಟವರ ತಂದೆಗೆ ಬಣ್ಣದ ಪುಟ ಕೊಡಬೇಕು ಎಂದು ಸಮಿತಿಯಲ್ಲಿ ಒಬ್ಬರು ಎದ್ದೇ ಏಳುತ್ತಾರೆ. ಅದಕ್ಕೆ ಒಪ್ಪಬೇಡಿ, ಹಣ ಸಾಲದಿದ್ದರೆ ಇಡೀ ಪುಸ್ತಿಕೆಯನ್ನು ಕಪ್ಪುಬಿಳುಪಿನಲ್ಲೇ ಮಾಡಿ. ಮನೆಗೊಂದು ಪ್ರತಿ ಹಂಚಿದ ಮೇಲೆ ಪಂಚಾಯಿತಿ ಗ್ರಂಥಾಲಯಕ್ಕೆ, ಶಾಲೆಗೆ ತಲಾ ಎರಡು ಕೊಡಿ. ಬರೆದುಕೊಂಡ ನೋಟ್‌ಬುಕ್‌ಗಳನ್ನೂ ರೆಕಾರ್ಡಿಂಗುಗಳನ್ನೂ ಅಳಿಸಬೇಡಿ, ಅಚ್ಚಾದದ್ದಕ್ಕಿಂತ ಅವುಗಳಲ್ಲೇ ಹೆಚ್ಚು ಇರುತ್ತದೆ. ಮೊದಲ ಮನೆಗೆ ಹೋಗಿ ಬಂದ ಮೇಲೆ ಎಲ್ಲಿ ಸಿಕ್ಕಿಕೊಂಡಿರಿ ಎಂದು ಇಲ್ಲೇ ಬರೆಯಿರಿ, ನೋಡೋಣ.