ಪ್ರಶ್ನೋತ್ತರ: ಜಾನಿ ರಮೋನ್ ಪುಣ್ಯತಿಥಿಗೆ ಅರ್ಧ ತಾಸು ಗಿಟಾರ್

ಪ್ರಶ್ನೆ: ಸೆಪ್ಟೆಂಬರ್ 15 ಅಮೆರಿಕದ ಪಂಕ್ ರಾಕ್ ಗಿಟಾರ್ ವಾದಕ ಜಾನಿ ರಮೋನ್ ತೀರಿಕೊಂಡ ದಿನ. ಅವತ್ತು ಅವರ ರಮೋನ್ಸ್ ತಂಡದ ಮೊದಲ ಆಲ್ಬಮ್ ಪೂರ್ತಿ ನುಡಿಸಬೇಕಂತ ನಾವು ನಾಲ್ಕು ಮಂದಿ ಗೆಳೆಯರು ಮಾಡೇವಿ. ಕಾರ್ಡ್ (ಒಮ್ಮೆಲೇ ನುಡಿಸೋ ಸ್ವರಗಳ ಗುಂಪು) ಸರಳ ಅದಾವು, ಆದ್ರ ಎರಡನೇ ಹಾಡು ಮುಗಿಯೋದ್ರಾಗ ಬಲಗೈ ಕಲ್ಲಾಗತೈತಿ. ತಂತೀನೂ ಹರೀತಾವು. ಎಲ್ಲಿ ತಪ್ಪಾಗೈತಿ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಪ್ಪು ಇರುವುದು ಮೊಣಕೈಯಲ್ಲಿ. 1976ರ ಆ ಆಲ್ಬಮ್‌ನ ಮೊದಲ ಹಾಡಿನ ವೇಗ ನಿಮಿಷಕ್ಕೆ ಸುಮಾರು 175 ಮಾತ್ರೆ. ಗಿಟಾರ್ ನಡೆಯುವುದು ಅದರ ದುಗುಣದಲ್ಲಿ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಆರು ಹೊಡೆತ. ಜಾನಿ ಅವನ್ನೆಲ್ಲ ಮೇಲಿನಿಂದ ಕೆಳಕ್ಕೇ ಹೊಡೆಯುತ್ತಿದ್ದರು. ಇಡೀ ತೋಳು ಬೀಸಿ ಹಾಗೆ ಹೊಡೆಯಲು ಹೊರಟರೆ ಗರಡಿ ಪೈಲ್ವಾನನೂ ಮೂರನೇ ಹಾಡಿಗೆ ಕೂತುಬಿಡುತ್ತಾನೆ.

ಮುಂಗೈಯನ್ನು ಗಿಟಾರಿನ ಅಂಚಿಗೆ ಹಗುರವಾಗಿ ಊರಿ, ಮಣಿಕಟ್ಟಿನಿಂದ ಮಾತ್ರ ಹೊಡೆಯಿರಿ. ಪಿಕ್ (ತಂತಿ ಮೀಟುವ ಬಿಲ್ಲೆ) ತಂತಿಗಳನ್ನು ದಾಟಿದ ಮೇಲೆ ಒಂದು ಬೆರಳಗಲಕ್ಕಿಂತ ಹೆಚ್ಚು ಕೆಳಗೆ ಹೋಗಬಾರದು. ಸುಸ್ತಾಗುವುದು ಹೊಡೆತಕ್ಕಿಂತ ಕೈಯನ್ನು ವಾಪಸ್ ಮೇಲೆ ತರುವ ಕೆಲಸಕ್ಕೆ, ಆದ್ದರಿಂದ ದಾರಿ ಎಷ್ಟು ಚಿಕ್ಕದೋ ಅಷ್ಟು ಲಾಭ. ಪಿಕ್ 0.73ರಿಂದ 0.88 ಮಿಲಿಮೀಟರ್ ದಪ್ಪದ್ದು ಸಾಕು. ತೀರ ತೆಳುವಾದದ್ದು ಬಾಗಿ ತಡಮಾಡುತ್ತದೆ, 1.5ರದ್ದು ತಂತಿಗೆ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಹೊರಗೆ 5 ಮಿಲಿಮೀಟರ್ ಕಾಣಲಿ, ತುಸು ಓರೆಯಾಗಿರಲಿ.

ಸಾಧನೆಗೆ ಮೆಟ್ರೋನೋಮ್ (ಲಯ ತೋರಿಸುವ ಯಂತ್ರ) 110ಕ್ಕೆ ಇಡಿ. ಒಂದೇ ಕಾರ್ಡ್, ದುಗುಣ, ನಾಲ್ಕು ನಿಮಿಷ. ಮುಂಗೈ ಬಿಗಿಯದೆ ಮುಗಿದರೆ ಮರುದಿನ 5 ಏರಿಸಿ, ಬಿಗಿದರೆ 10 ಇಳಿಸಿ. ಸ್ನಾಯು ದಣಿಯುವುದು ಸಹಜ; ಆದರೆ ಮಣಿಕಟ್ಟಿನಲ್ಲಿ ಚುಚ್ಚುವ ನೋವು ಅಥವಾ ಬೆರಳಲ್ಲಿ ಜೋಮು ಬಂದರೆ ಅವತ್ತಿನ ಮಟ್ಟಿಗೆ ಗಿಟಾರ್ ಕೆಳಗಿಡಿ. ವೇಗ ಸಾಲದೆಂದು ಮೇಲೆ-ಕೆಳಗೆ ಹೊಡೆಯುವ ಉಪಾಯಕ್ಕೆ ಹೋಗಬೇಡಿ. ಮೇಲ್ಮುಖದ ಹೊಡೆತ ಮೊದಲು ಸಣ್ಣ ತಂತಿಗಳನ್ನು ಮುಟ್ಟುತ್ತದೆ, ಅದರ ತೂಕವೇ ಬೇರೆ. ರಮೋನ್ಸ್‌ನ ಆ ಒಂದೇ ಸಮನೆಯ ಗದ್ದಲ ಅಲ್ಲಿಗೆ ಕೆಟ್ಟಿತು. ಎಡಗೈಯಲ್ಲೂ ಎರಡು ತಂತಿಯ ಪವರ್ ಕಾರ್ಡ್ ಸಾಲದು, ತೋರುಬೆರಳನ್ನು ತಂತಿಗಳಿಗೆ ಅಡ್ಡ ಒತ್ತಿ ಪೂರ್ತಿ ಬಾರ್ ಕಾರ್ಡ್ ಹಿಡಿಯಿರಿ.

ತಂತಿ ಹರಿಯುವುದು ಯಾವಾಗಲೂ ಬ್ರಿಡ್ಜ್ (ಕುದುರೆ) ಹತ್ತಿರವೇ ಆಗಿದ್ದರೆ, ಅಲ್ಲಿ ತಂತಿ ಕೂರುವ ಕಚ್ಚಿನಲ್ಲಿ ಒರಟು ಅಂಚಿದೆ ಎಂದರ್ಥ. 600 ನಂಬರಿನ ವಾಟರ್ ಪೇಪರ್ ಮಡಚಿ ನಾಲ್ಕಾರು ಸಲ ಮೆಲ್ಲಗೆ ಉಜ್ಜಿ. ನೀವು 9 ಗೇಜಿನ (ಅತಿ ಸಣ್ಣ ತಂತಿ 0.009 ಇಂಚು ದಪ್ಪದ) ತಂತಿ ಹಾಕಿದ್ದರೆ ತುಸು ದಪ್ಪದ 10-46ಕ್ಕೆ ಬದಲಿಸಿ, ಈ ಹೊಡೆತಕ್ಕೆ ತೆಳು ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಹೊಸ ತಂತಿ ಕಾರ್ಯಕ್ರಮದ ಹಿಂದಿನ ದಿನವೇ ಹಾಕಿ, ಒಂದೊಂದನ್ನೂ ಮೆಲ್ಲಗೆ ಎಳೆದೆಳೆದು ಶ್ರುತಿ ಮಾಡಿ. 14 ಹಾಡು, 29 ನಿಮಿಷ. ನಡುವೆ ಶ್ರುತಿ ಮಾಡುತ್ತ ನಿಂತರೆ ಅದು ರಮೋನ್ಸ್ ಕಛೇರಿ ಆಗುವುದಿಲ್ಲ. ಇನ್ನೊಂದು ಗಿಟಾರ್ ಸಿದ್ಧ ಇಟ್ಟುಕೊಳ್ಳಿ.

ದುಬಾರಿ ಗಿಟಾರ್ ಬೇಕಿಲ್ಲ. 1974ರಲ್ಲಿ ಜಾನಿ ಸುಮಾರು 50 ಡಾಲರ್‌ಗೆ ಕೊಂಡ ಮಾಸ್‌ರೈಟ್ ಗಿಟಾರ್ ಆಗ ಯಾರೂ ಕೇಳದ ಮಾಲು.

ಪ್ರಶ್ನೆ: ನಮ್ಮ ಹತ್ತಿರ ಗಿಟಾರ್ ಆಂಪ್ ಇಲ್ಲ. ಪೆಂಡಾಲಿನವರ ಮಿಕ್ಸರ್, ಸ್ಪೀಕರ್‌ಗೆ ನೇರ ಹಚ್ಚಿದರೆ ಸಪ್ಪೆ. ಸದ್ದು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಹಾಕಿದರೆ ಜೇನುಹುಳ ಗುಂಯ್‌ಗುಟ್ಟಿದಂತೆ. ಮೈಕ್‌ಗೆ ತುಟಿ ತಾಗಿದರೆ ಚುರ್ ಅನ್ನುತ್ತದೆ.
— ಗದಗ

ಉತ್ತರ: ಕೊನೆಯದನ್ನು ಮೊದಲು ಸರಿಪಡಿಸಿ, ಅದು ಜೀವದ ಮಾತು. ಮಿಕ್ಸರ್ ಒಂದು ಪ್ಲಗ್ಗಿನಿಂದ, ಗಿಟಾರಿನ ಸಾಮಾನು ಇನ್ನೊಂದರಿಂದ ಕರೆಂಟ್ ತೆಗೆದುಕೊಂಡು, ಒಂದಕ್ಕೆ ಅರ್ಥ್ ಇಲ್ಲದಿದ್ದರೆ ನಿಮ್ಮ ಮೈಯೇ ತಂತಿಯಾಗುತ್ತದೆ. ಎಲ್ಲವನ್ನೂ ಒಂದೇ ಅರ್ಥ್ ಇರುವ ಬೋರ್ಡಿಗೆ ಹಚ್ಚಿ. ಮಲ್ಟಿಮೀಟರ್‌ನಲ್ಲಿ ಫೇಸ್-ಅರ್ಥ್ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಬರದಿದ್ದರೆ ಎಲೆಕ್ಟ್ರಿಷಿಯನ್ ಬರುವ ತನಕ ನುಡಿಸಬೇಡಿ. ಗುಂಯ್ ನಿಲ್ಲಲೆಂದು ಅರ್ಥ್ ಪಿನ್ ಮುರಿಯುವವರಿದ್ದಾರೆ. ಅಂಥವರನ್ನು ವೇದಿಕೆ ಹತ್ತಿರ ಬಿಡಬೇಡಿ.

ಸಪ್ಪೆಗೆ ಕಾರಣ: ಗಿಟಾರ್ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಭಾಗ) ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು, ಮಿಕ್ಸರಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಅದರ ನೂರರಲ್ಲೊಂದು ಪಾಲು. ಮೇಲಿನ ನಾದವೆಲ್ಲ ಅಲ್ಲೇ ಸಾಯುತ್ತದೆ. ನಡುವೆ ಆ್ಯಕ್ಟಿವ್ ಡಿಐ ಬಾಕ್ಸ್ (ಗಿಟಾರನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಹಾಕಿ. ಜೇನುಹುಳದ ಕಥೆ ಬೇರೆ. ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್‌ಗಿಂತ ಮೇಲಿನದನ್ನು ತಾನೇ ನುಂಗುತ್ತದೆ, ಪೆಂಡಾಲಿನ ಸ್ಪೀಕರ್ ಎಲ್ಲವನ್ನೂ ಹೊರಗೆ ಉಗುಳುತ್ತದೆ. ಮಿಕ್ಸರಿನಲ್ಲಿ ಹೈ ಪೂರ್ತಿ ತಗ್ಗಿಸಿ. ಆಂಪ್ ಸ್ಪೀಕರಿನ ನಾದ ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಟರ್ ಪೆಡಲ್ ಸಿಕ್ಕರೆ ಇನ್ನೂ ಒಳ್ಳೆಯದು. ಡಿಸ್ಟಾರ್ಷನ್ ಗೇನ್ (ಒರಟುತನದ ಪ್ರಮಾಣ) ಅರ್ಧಕ್ಕಿಂತ ಕೆಳಗಿರಲಿ. ಜಾನಿಯ ಸದ್ದು ಬಂದದ್ದು ಜೋರಾಗಿ ತಿರುಗಿಸಿದ ಮಾರ್ಷಲ್ ಆಂಪಿನಿಂದ. ಗೇನ್ ಜಾಸ್ತಿಯಾದರೆ ಹೊಡೆತಗಳು ಒಂದಕ್ಕೊಂದು ಅಂಟಿ ಲಯವೇ ಕೇಳಿಸದು.

ಪ್ರಶ್ನೆ: ಧಾರವಾಡದಂಥ ಊರಾಗ ಅಮೆರಿಕದ ಯಾವನೋ ಸತ್ತದ್ದಕ್ಕ ನೀವ್ಯಾಕ ಅಳ್ತೀರಿ ಅಂತ ಮನ್ಯಾಗ ಕೇಳ್ತಾರ. ಏನ್ ಹೇಳೂಣು?
— ಸಪ್ತಾಪುರ, ಧಾರವಾಡ

ಉತ್ತರ: ಕುಂದಗೋಳಕ್ಕೆ ಕರೆದುಕೊಂಡು ಹೋಗಿ. 1952ರ ಸೆಪ್ಟೆಂಬರ್ 12ರಂದು ತೀರಿಕೊಂಡ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರನ್ನು ಅಲ್ಲಿನ ನಾಡಗೇರ ವಾಡೆಯಲ್ಲಿ ನೆನೆಯುವುದು ಅಹೋರಾತ್ರಿ ಹಾಡಿಯೇ. ಸತ್ತ ಕಲಾವಿದನಿಗೆ ನುಡಿಸಿ ಗೌರವ ಕೊಡುವುದು ನಿಮ್ಮ ಮನೆಯವರಿಗೆ ಹೊಸದೇನಲ್ಲ. ಭಾಷಣ ಮಾಡಲೇಬೇಕೆಂದರೆ ಎರಡು ನಿಮಿಷ ಸಾಕು: 1948ರಲ್ಲಿ ಹುಟ್ಟು, ನಿಜ ಹೆಸರು ಜಾನ್ ಕಮಿಂಗ್ಸ್; 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ತಂಡ; 1996ರವರೆಗೆ 2,000ಕ್ಕೂ ಹೆಚ್ಚು ಕಛೇರಿ; 2004ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸಾವು, 55ನೇ ವಯಸ್ಸಿಗೆ. ದೇವರ ಫೋಟೋದ ಸಾಲಿಗೆ ಮಾತ್ರ ಏರಿಸಬೇಡಿ. ಶಿಸ್ತಿನ, ಸಿಡುಕಿನ ಮನುಷ್ಯ. ಗಾಯಕ ಜೋಯಿ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು, ಆದರೂ ಒಂದೇ ವೇದಿಕೆಯಲ್ಲಿ ನುಡಿಸಿದರು.

ಪ್ರಶ್ನೆ: ಬಯಲಿನಲ್ಲಿ ಮಾಡಿದರೆ ಅನುಮತಿ ಬೇಕೇ?
— ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಬೇಕು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಕಡ್ಡಾಯ, ಠಾಣೆಯಲ್ಲಿ ವಿಚಾರಿಸಿ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಡ್ರಮ್ಸ್ ಒಂದೇ ಅದನ್ನು ಮೀರುತ್ತದೆ. ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಒಳಗೆ ಜಾಗ ನೋಡಲೇಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಕೆಲವು ವರ್ಷ ಗಣೇಶ ಚೌತಿಯೂ ಅದೇ ವಾರ ಬರುವುದರಿಂದ ಸೌಂಡ್ ಸಿಸ್ಟಮ್‌ನವರು ಸಿಗುವುದಿಲ್ಲ, ಆಗಸ್ಟ್‌ನಲ್ಲೇ ಮುಂಗಡ ಕೊಟ್ಟಿಡಿ. ನಮ್ಮ ಸಲಹೆ ಬಾಗಿಲು ಮುಚ್ಚುವ ಸಣ್ಣ ಹಾಲ್, ನೆಲಕ್ಕೆ ಜಮಖಾನ, ಸಂಜೆ 6ಕ್ಕೆ ಶುರು.