ಸೊಟ್ಟ ಕುರ್ಚಿ, ಬಾಡಿದ ಹೂವು

ಪ್ರಶ್ನೆ: ವ್ಯಾನ್ ಗೋ ಬಿಡಿಸಿದ ಸೂರ್ಯಕಾಂತಿ, ಕುರ್ಚಿ ಚಿತ್ರಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೂವು ಬಾಡಿದಂತೆ, ಕುರ್ಚಿ ಸೊಟ್ಟಗೆ ಕಾಣುತ್ತದೆ. ಮನುಷ್ಯರೇ ಇಲ್ಲದ ಚಿತ್ರದಲ್ಲಿ ಭಾವನೆ ಎಲ್ಲಿರುತ್ತದೆ?

ಉತ್ತರ: ನೀವು ಸರಿಯಾಗಿಯೇ ನೋಡಿದ್ದೀರಿ. ಕುರ್ಚಿ ಸೊಟ್ಟಗಿದೆ, ಕೆಲವು ಹೂವು ಬಾಡಿವೆ. ಅವನಿಗೆ ಬೇಕಿದ್ದದ್ದೂ ಅದೇ.

1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಅವನು ಹಳದಿ ಬಣ್ಣದ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದ. ಚಿತ್ರಕಾರ ಗೆಳೆಯ ಗೋಗ್ಯಾಂ ಬಂದು ಜೊತೆಗಿರಬೇಕು ಎಂದು ಅವನಿಗೆ ತುಂಬಾ ಆಸೆ. ಆಗಸ್ಟ್‌ನಲ್ಲಿ ಬಿಡಿಸಿದ ಸೂರ್ಯಕಾಂತಿಗಳಲ್ಲಿ ಎರಡನ್ನು ಗೋಗ್ಯಾಂ ಕೋಣೆಯಲ್ಲೇ ತೂಗುಹಾಕಿದ. ಅವುಗಳಲ್ಲಿ ಒಂದರಲ್ಲಿ ಹೂದಾನಿ ಹಳದಿ, ಮೇಜು ಹಳದಿ, ಹಿಂದಿನ ಗೋಡೆಯೂ ಹಳದಿ! ಅಷ್ಟು ಹಳದಿಯಲ್ಲಿ ಹೂವು ಎದ್ದು ಕಾಣುವುದು ಹೇಗೆ? ಬಣ್ಣದ ದಪ್ಪದಿಂದ. ಹೂವಿನ ನಡುಭಾಗದಲ್ಲಿ ಬಣ್ಣವನ್ನು ಚುಕ್ಕಿ ಚುಕ್ಕಿಯಾಗಿ ಮೆತ್ತಿದ್ದಾನೆ, ಬೀಜಗಳು ಕೈಗೆ ತಾಗುತ್ತವೇನೋ ಅನ್ನಿಸುತ್ತದೆ. ದಳ ಎತ್ತ ಬಾಗಿದೆಯೋ ಕುಂಚವೂ ಅತ್ತಲೇ ಓಡಿದೆ.

ಅಕ್ಟೋಬರ್‌ನಲ್ಲಿ ಗೋಗ್ಯಾಂ ಬಂದ. ನವೆಂಬರ್‌ನಲ್ಲಿ ವ್ಯಾನ್ ಗೋ ಎರಡು ಕುರ್ಚಿ ಬಿಡಿಸಲು ಕೂತ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಬಿಡಿಬಿಡಿಯಾಗಿ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ತನ್ನದು ಹುಲ್ಲು ಹೆಣೆದ, ಕೈಯಿಲ್ಲದ ಬಡ ಕುರ್ಚಿ. ಹಗಲಿನ ಬೆಳಕು, ಕೆಂಪು ಹೆಂಚಿನ ನೆಲ, ಕೂರುವ ಜಾಗದಲ್ಲಿ ಪೈಪು, ಹೊಗೆಸೊಪ್ಪಿನ ಪೊಟ್ಟಣ. ಹಿಂದೆ ಮೊಳಕೆಯೊಡೆದ ಈರುಳ್ಳಿಯ ಪೆಟ್ಟಿಗೆ, ಅದರ ಮೇಲೆ ತನ್ನ ಹೆಸರು. ಗೋಗ್ಯಾಂನದು ಕೈಯಿರುವ, ಬಾಗು ಬಳುಕಿನ ಕುರ್ಚಿ. ರಾತ್ರಿ ಹೊತ್ತು, ಹಸಿರು ಗೋಡೆ, ಕುರ್ಚಿಯ ಮೇಲೆ ಉರಿಯುವ ಮೋಂಬತ್ತಿ, ಎರಡು ಕಾದಂಬರಿ. ಇಬ್ಬರು ಮನುಷ್ಯರ ಸ್ವಭಾವವೇ ಎದುರಿಗಿದೆ, ಅಲ್ವಾ? ಮುಖ ಬಿಡಿಸಿದ್ದರೂ ಇಷ್ಟು ಗೊತ್ತಾಗುತ್ತಿತ್ತೋ ಇಲ್ಲವೋ. ಡಿಸೆಂಬರ್ ಕೊನೆಗೆ ಇಬ್ಬರೂ ಜಗಳವಾಡಿ ಬೇರೆಯಾದರು. ಅದು ಗೊತ್ತಿದ್ದು ನೋಡಿದರೆ ಆ ಖಾಲಿ ಕುರ್ಚಿಗಳು ನನಗಂತೂ ಸಂಕಟ ತರುತ್ತವೆ.

ಇನ್ನು ಸೊಟ್ಟ. ಅವನ ಕುರ್ಚಿಯನ್ನು ಸ್ವಲ್ಪ ಮೇಲಿನಿಂದ ನೋಡಿದ ಹಾಗಿದೆ, ನೆಲ ನಮ್ಮ ಕಡೆಗೇ ಎದ್ದು ಬರುತ್ತದೆ. ಸ್ಕೇಲ್ ಹಿಡಿದು ನೆಟ್ಟಗೆ ಎಳೆದಿದ್ದರೆ ಅದು ಸುಮ್ನೆ ಒಂದು ಪೀಠೋಪಕರಣ ಆಗುತ್ತಿತ್ತು, ಅಷ್ಟೇ.

ಪ್ರಶ್ನೆ: ತನ್ನ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆ ತಿಳಿ ನೇರಳೆ ಎಂದು ಅವನೇ ಪತ್ರದಲ್ಲಿ ಬರೆದಿದ್ದಾನೆ. ಚಿತ್ರದಲ್ಲಿ ನೀಲಿ ಯಾಕೆ?

ಉತ್ತರ: ನೀಲಿಗೆ ಬೆರೆಸಿದ್ದ ಕೆಂಪು ಬಣ್ಣ ಬೆಳಕಿಗೆ ಮಾಸಿಹೋಯಿತು. ನೀಲಿಯಷ್ಟೇ ಉಳಿಯಿತು. ಸೂರ್ಯಕಾಂತಿಗೆ ಬಳಸಿದ ಕ್ರೋಮ್ ಹಳದಿಗೂ ಇದೇ ತೊಂದರೆ, ಬೆಳಕು ಜಾಸ್ತಿ ಬಿದ್ದಷ್ಟೂ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಅವನ ಚಿತ್ರ ನೋಡುವಾಗ ಪತ್ರಗಳನ್ನೂ ಜೊತೆಗಿಟ್ಟುಕೊಳ್ಳಿ. ಯಾವ ಬಣ್ಣ ಎಲ್ಲಿ ಹಾಕಿದೆ ಎಂದು ತಮ್ಮ ಥಿಯೋಗೆ ಬಿಡಿಸಿ ಬಿಡಿಸಿ ಬರೆದಿದ್ದಾನೆ.